ನನಗಿಲ್ಲದ ಹರ್ನಿಯಾಕ್ಕೆ ನಿಮ್ಮ ಮೊಹರು

ಮಾನ್ಯ ತಾಲ್ಲೂಕು ಆರೋಗ್ಯಾಧಿಕಾರಿಗಳೇ,

ಕಳೆದ ಸೋಮವಾರ ತಾವು ನನಗೊಂದು ಪ್ರಮಾಣಪತ್ರ ದಯಪಾಲಿಸಿದಿರಿ. 'ಸದರಿಯವರು ಹರ್ನಿಯಾ ಶಸ್ತ್ರಚಿಕಿತ್ಸೆಯಿಂದ ಸಂಪೂರ್ಣ ಗುಣಮುಖರಾಗಿದ್ದು ವಿದೇಶ ಪ್ರಯಾಣಕ್ಕೆ ಯೋಗ್ಯರಾಗಿದ್ದಾರೆ' ಎಂದು ಅದರಲ್ಲಿದೆ. ದುಂಡನೆಯ ಮೊಹರು, ಹಸಿರು ಶಾಯಿಯ ಸಹಿ, ಎಲ್ಲ ಅಚ್ಚುಕಟ್ಟು. ಕೊರತೆ ಒಂದೇ. ನನಗೆ ಹರ್ನಿಯಾ ಎಂದೂ ಆಗಿಲ್ಲ. ನನಗೆ ಆಗಿದ್ದು ಪ್ರೊಸ್ಟೇಟ್ ಕ್ಯಾನ್ಸರ್, ಅಂದರೆ ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಗ್ರಂಥಿಯ ಕ್ಯಾನ್ಸರ್. ಅದನ್ನು ನಾನು ಹೀಗೆ ಬಿಚ್ಚಿ ಬರೆಯುತ್ತಿರುವುದು ಇದೇ ಮೊದಲು.

ಈ ಪತ್ರದ ಪ್ರತಿ ಪತ್ರಿಕೆಗೂ ಹೋಗುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಇವುಗಳಲ್ಲಿ ಯಾವ ಊರಿನ ಆಸ್ಪತ್ರೆಯ ಮಾತಿದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ನಾಲ್ಕು ಊರಿನವರು ತಾವು ಪಾರಾದೆವೆಂದು ನಿಶ್ಚಿಂತೆಯಿಂದ ಚಹಾ ಕುಡಿದಾರು. ತಮಗೆ ಮಾತ್ರ ಗೊತ್ತಾದರೆ ಸಾಕು.

ಪ್ರಮಾಣಪತ್ರ ಏಕೆ ಬೇಕಾಯಿತೆಂದರೆ, ನಾನೂ ನನ್ನ ಹೆಂಡತಿ ತಾಜುನ್ನಿಸಾಳೂ ಮಲೇಷ್ಯಾಕ್ಕೆ ಹೊರಟಿದ್ದೇವೆ. ಉಮ್ರಾ ಯಾತ್ರೆಗಲ್ಲ, ಸುಮ್ಮನೆ ತಿರುಗಾಡಲು. ಹೈದರಾಬಾದಿನಲ್ಲಿ ಮಗಳು ನಾಹಿದಾಳ ಮನೆಯಲ್ಲಿದ್ದು ಏಳು ವಾರ ರೇಡಿಯೇಷನ್ ತೆಗೆದುಕೊಂಡೆ. ಆಗ ಬಟ್ಟೆ ಒದ್ದೆಯಾದಾಗಲೆಲ್ಲ ಬೇಸರವಿಲ್ಲದೆ ತೊಳೆದವಳು ತಾಜುನ್ನಿಸಾ. "ನಾಹಿದಾನ ಅಬ್ಬಾ, ಇದೆಲ್ಲಾ ಮುಗೀಲಿ, ಒಂದ್ಸಲ ನನಗ ಸಮುದ್ರ ತೋರಸ್ರಿ" ಎಂದಿದ್ದಳು. ಆಮೇಲೆ ವರ್ಷಕ್ಕೂ ಮೇಲ್ಪಟ್ಟು ನಡೆದ ಸೂಜಿಮದ್ದೂ ಹೋದ ತಿಂಗಳು ಮುಗಿಯಿತು. ಇನ್ನು ಆರು ತಿಂಗಳಿಗೊಮ್ಮೆ ರಕ್ತ ತೋರಿಸಿದರೆ ಸಾಕು ಎಂದರು ಡಾಕ್ಟರು. ಪ್ರವಾಸ ಕಂಪನಿಯವರು ಅರವತ್ತೈದು ದಾಟಿದವರಿಗೆ ಆರೋಗ್ಯ ಪ್ರಮಾಣಪತ್ರ ಬೇಕೆಂದರು. ಬಂದೆ ತಮ್ಮ ದರ್ಬಾರಿಗೆ.

ತಮ್ಮ ಚೀಟಿ ಕಿಟಕಿಯ ಮಹಿಮೆ ತಮಗೆ ತಿಳಿಯದು, ತಾವು ಹಿಂದಿನ ಬಾಗಿಲಿನಿಂದ ಬರುವವರು. ಅಲ್ಲಿ ಕುಳಿತವರು ಕೂಗಿದರು: "ಏನ್ ಬ್ಯಾನಿ ಅದ್ರಿ? ಜೋರ ಹೇಳ್ರಿ, ಫ್ಯಾನಿನ ಗದ್ದಲದಾಗ ಕೇಳವಲ್ದು!" ಹಿಂದೆ ಮೂವತ್ತು ಜನರ ಸಾಲು. ನನ್ನ ಬೆನ್ನಿಗೇ ನಿಂತವರು ನನ್ನ ಬೀಗಿತ್ತಿ ರಶೀದಾಬೇಗಂ. ಅವರ ಎದುರು ನಾನು ಯಾವ ಗ್ರಂಥಿಯ ಹೆಸರು ಕೂಗಬೇಕಿತ್ತು, ಸ್ವಾಮಿ? "ಹರ್ನಿಯಾ, ಆಪರೇಷನ್ ಆಗ್ಯದ" ಎಂದೆ. ಚೀಟಿಯಲ್ಲಿ ಹರ್ನಿಯಾ ಬಂತು. ಒಳಗಿದ್ದ ಡಾಕ್ಟರು ಚೀಟಿಯ ಮುಖ ನೋಡಿದರೇ ಹೊರತು ನನ್ನ ಮುಖ ನೋಡಲಿಲ್ಲ. ಅಂಗಿ ಎತ್ತಿಸಲಿಲ್ಲ, ಹೊಲಿಗೆಯ ಗುರುತು ಎಲ್ಲಿ ಎಂದು ಕೇಳಲಿಲ್ಲ. ತಾವು ಸಹಿ ಹಾಕಿದಿರಿ. ಸುಳ್ಳನ್ನು ಸರ್ಕಾರಿ ಸತ್ಯ ಮಾಡಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಜಾತಿ, ಆದಾಯ, ವಾರಸಾ ಪತ್ರಗಳಿಗೆಂದು ಬಂದವರನ್ನು ಮೂವತ್ತೊಂದು ವರ್ಷ ಕಂದಾಯ ಇಲಾಖೆಯ ಕಿಟಕಿಯಲ್ಲಿ ಕುಳಿತು ನಾನೂ ಹೀಗೆಯೇ ಕೂಗಿ ಕೇಳಿದ್ದೇನೆ. "ಗಂಡ ಯಾವಾಗ ಬಿಟ್ಟ?" ಎಂದು ಹೆಣ್ಣುಮಕ್ಕಳನ್ನು ಸಾಲಿನ ಮುಂದೆಯೇ ಕೇಳಿದ ನಾಲಿಗೆ ನನ್ನದು. ಹಾಗಾಗಿ ತಮ್ಮನ್ನು ಬೈಯುವ ಹಕ್ಕು ನನಗೆ ಅರ್ಧ ಮಾತ್ರ ಇದೆ, ಆ ಅರ್ಧವನ್ನು ಪೂರ್ತಿ ಬಳಸುತ್ತಿದ್ದೇನೆ.

ಇದಿಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ನಾನು ಹರ್ನಿಯಾ ಎಂದದ್ದು ಅದು ಮೊದಲ ಸಲವಲ್ಲ.

ನಮ್ಮ ಓಣಿಯಲ್ಲಿ ವಿಠೋಬಾ ಇದ್ದಾನೆ. ಫರಸಿ ಕಲ್ಲು ಹಾಸುವ ಮೇಸ್ತ್ರಿ. ಕೋಡ್ಲಾದಿಂದ ಚಿಂಚೋಳಿಯವರೆಗೆ ಅವನ ಕೈ ಮುಟ್ಟದ ಅಂಗಳ ಕಡಿಮೆ, ನನ್ನ ಮನೆಯ ಕಲ್ಲುಹಾಸೂ ಅವನದೇ. ಮೂವತ್ತು ವರ್ಷದ ಗೆಳೆತನ. ನಾನು ರೇಡಿಯೇಷನ್ ಮುಗಿಸಿ ಊರಿಗೆ ಬಂದಾಗ ಮೊದಲು ನೋಡಲು ಬಂದವನೂ ಅವನೇ. ಹತ್ತಿರ ಸರಿದು ಸಣ್ಣ ದನಿಯಲ್ಲಿ ಕೇಳಿದ: "ಫಕೀರಸಾಬ, ನಿನಗ ಮೂತ್ರ ಕಟ್ಟತಿತ್ತಲ್ಲ, ನನಗೂ ಹಂಗೇ ಆಗಾಕತ್ತದ. ಡಾಕ್ಟರ್ ಏನಂದ್ರು?"

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಫ್ಯಾನಿನ ಗದ್ದಲವಿರಲಿಲ್ಲ, ಸಾಲಿರಲಿಲ್ಲ, ಬೀಗಿತ್ತಿ ಇರಲಿಲ್ಲ. ಆದರೂ, "ಏನಿಲ್ಲೋ, ಹರ್ನಿಯಾ" ಎಂದುಬಿಟ್ಟೆ. ಆ ಕಾಯಿಲೆ ಬಂದವನು ಗಂಡಸಾಗಿ ಉಳಿದಿಲ್ಲ ಎಂದು ಊರು ನಗುತ್ತದೆ ಎಂಬ ಭಯ. ಥೂ ನನ್ನ ಮರ್ಯಾದೆಗೆ ಬೆಂಕಿ ಬೀಳಲಿ!

ವಿಠೋಬಾ ನನ್ನ ಮಾತು ನಂಬುವವನು. ನೆಟ್ಟಗೆ ಔಷಧಿ ಅಂಗಡಿಗೆ ಹೋಗಿ ಹರ್ನಿಯಾ ಪಟ್ಟಾ ಕೊಂಡು ಸೊಂಟಕ್ಕೆ ಕಟ್ಟಿಕೊಂಡ. ಹನ್ನೊಂದು ತಿಂಗಳು ಕಟ್ಟಿದ. ಬೆನ್ನು ನೋಯತೊಡಗಿದಾಗ ಇನ್ನೊಂದು ಸುತ್ತು ಬಿಗಿ ಮಾಡಿದ. ಅದನ್ನು ನಾನು ಕಣ್ಣಾರೆ ಕಂಡೆ. ಕಂಡು, "ಒಮ್ಮೆ ಡಾಕ್ಟರಿಗೆ ತೋರಸು" ಎಂದೆ, ಯಾಕೆ ಎಂದು ಹೇಳಲಿಲ್ಲ. ಅವನು ತಮ್ಮ ಕಿಟಕಿಯವರೆಗೂ ಬಂದಿದ್ದ. "ಏನ್ ಬ್ಯಾನಿ" ಎಂದು ಕೂಗಿದಾಗ ಅವನೂ "ಬೆನ್ನು ನೋವು" ಎಂದು ಗುಳಿಗೆ ತಂದ. ನಾಲ್ಕು ತಿಂಗಳ ಹಿಂದೆ ಅವನ ಹೆಂಡತಿ ಲಾಲಮ್ಮ ಹಟ ಹಿಡಿದು ಕಲಬುರಗಿಗೆ ಕರೆದೊಯ್ದಳು. ನನ್ನದೇ ಕಾಯಿಲೆ, ಆದರೆ ಎಲುಬಿಗೆ ಹಬ್ಬಿತ್ತು. ವರ್ಷದ ಹಿಂದೆ ಬಂದಿದ್ದರೆ ಮಾತೇ ಬೇರೆ ಇತ್ತು ಎಂದರಂತೆ.

ಅವರು ಊರಿಗೆ ಮರಳಿದ ಮರುದಿನ ಅವನ ಮಂಚದ ಪಕ್ಕ ಕುಳಿತಿದ್ದೆ. "ನಿಂದು ಬರೇ ಹರ್ನಿಯಾ ಇತ್ತು, ಪುಣ್ಯವಂತ ನೀ" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಈಗ ಹೇಳಿ, ನಮ್ಮಿಬ್ಬರಲ್ಲಿ ದೊಡ್ಡ ಅಪರಾಧಿ ಯಾರು? ಮೊಹರು ಇದ್ದವರು ತಾವು, ನಾಲಿಗೆ ಇದ್ದವನು ನಾನು.

ಇಲ್ಲಿಯವರೆಗೆ ಬರೆದು, ತಮಗೂ ಪತ್ರಿಕೆಗೂ ಕಳಿಸುವ ಮುನ್ನ, ನಿನ್ನೆ ಅವನ ಮನೆಗೆ ಹೋಗಿ ಪೂರ್ತಿ ಓದಿ ಹೇಳಿದೆ. ಲಾಲಮ್ಮ ನಡುವೆಯೇ ಎದ್ದು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ವಿಠೋಬಾ ಗೋಡೆ ನೋಡುತ್ತ ಮಲಗಿದ್ದ. "ನಿನ್ನ ಹೆಸರು ತೆಗೀಲೇನು?" ಎಂದು ಕೇಳಿದೆ.

"ತೆಗೀಬ್ಯಾಡ. ಹೆಸರಿದ್ರ ನಾಕು ಮಂದಿ ನಂಬ್ತಾರ."

"ಮಲೇಷ್ಯಾ ಬ್ಯಾಡ ಅಂತೀನಿ ತಾಜುನ್ನಿಸಾಗ."

"ಆಕಿ ಏನ್ ಮಾಡ್ಯಾಳೋ? ಆಕೀನ್ ಕರಕೊಂಡು ಹೋಗು."

ಹಜ್ಜಿಗೆ ಹೊರಡುವವರು ನಮ್ಮಲ್ಲಿ ಮನೆಮನೆಗೆ ಹೋಗಿ, ಅಂದದ್ದು ಆಡಿದ್ದು ಮಾಫ್ ಮಾಡ್ರಿ ಎಂದು ಕೇಳಿಕೊಳ್ಳುತ್ತಾರೆ. ಮೋಜಿಗೆ ಹೊರಟವನಿಗೆ ಆ ಪದ್ಧತಿ ಇಲ್ಲ. ಆದರೂ ಅವನ ಕಾಲು ಹಿಡಿದು ಕೇಳಿದೆ. ಅವನು ಕಾಲು ಎಳೆದುಕೊಳ್ಳಲಿಲ್ಲ. ಗೋಡೆ ನೋಡುತ್ತಲೇ ಅಂದ:

"ಹೋಗಿ ಬಾ. ಬಂದ ಮ್ಯಾಲೆ ಕೇಳು. ನಾ ಇದ್ರ ಹೇಳ್ತೀನಿ."

ಅಧಿಕಾರಿಗಳೇ, ತಮ್ಮ ಪ್ರಮಾಣಪತ್ರವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ, ರದ್ದುಪಡಿಸಿ. ನನ್ನ ನಿಜವಾದ ಕಾಯಿಲೆಯ ಹೆಸರು ಬರೆದು ಬೇರೆ ಕೊಡಿ. ಕೊಡದಿದ್ದರೆ ಹೈದರಾಬಾದಿನಲ್ಲಿ ಬರೆಸಿಕೊಳ್ಳುತ್ತೇನೆ, ಅದು ದೊಡ್ಡ ಮಾತಲ್ಲ. ದೊಡ್ಡ ಮಾತು ಇದು: ವಾರಕ್ಕೆ ಒಂದು ದಿನ, ಒಂದು ಕೋಣೆ, ಮುಚ್ಚುವ ಬಾಗಿಲು, ಒಳಗೆ ಕಿವಿಗೊಟ್ಟು ಕೇಳುವ ಒಬ್ಬ ಡಾಕ್ಟರು. ಐವತ್ತು ದಾಟಿದ ಗಂಡಸರು ಅಲ್ಲಿ ತಮ್ಮ ಕಾಯಿಲೆಯ ಹೆಸರನ್ನು ಮೆಲ್ಲಗೆ ಹೇಳುವಂತಾಗಲಿ. ಅನುದಾನವಿಲ್ಲ ಎನ್ನಬೇಡಿ, ಹಳೆಯ ಬಾಗಿಲಾದರೂ ನಡೆಯುತ್ತದೆ. ತಮ್ಮ ಸಾಲಿನಲ್ಲಿ ಈ ಹೊತ್ತೂ ಯಾರೋ ಒಬ್ಬ "ಬೆನ್ನು ನೋವು" ಎನ್ನುತ್ತಿದ್ದಾನೆ.

ಇಂತಿ,
ತಮ್ಮ ಉತ್ತರಕ್ಕೂ ವಿಠೋಬಾನ ಉತ್ತರಕ್ಕೂ ಕಾದಿರುವ,
ಫಕೀರಸಾಬ
ನಿವೃತ್ತ ಪ್ರಥಮ ದರ್ಜೆ ಸಹಾಯಕ