ಸಾಲಿನ ನಡುವಿನ ಉಸಿರು

ಮರಳೂರು, ಮೇ ೧೪, ಬುಧವಾರ

ಗುರುಪ್ರಕಾಶನಿಗೆ ಇವತ್ತೂ ಹೇಳಲಿಲ್ಲ.

ಕುಣಿಗಲ್ಲಿನ ಮದುವೆಯಲ್ಲಿ ಅವನು ಕ್ಲಾರಿನೆಟ್ ನುಡಿಸುತ್ತಿದ್ದ. ಅನಾಥಾಶ್ರಮದಲ್ಲಿ ನನ್ನ ಹತ್ತಿರ ಹಾಡು ಕಲಿತವನು. ಬ್ಯಾಂಡ್‌ಸೆಟ್ ಸೇರಿದ್ದೇ ಯಾವುದಾದರೂ ಮದುವೆಯಲ್ಲಿ ಅಪ್ಪ ಅಮ್ಮ ಸಿಗಬಹುದೆಂದು.

"ಹುಡ್ಗೀರ್ನ ನೋಡೋ ವಯಸ್ನಲ್ಲಿ ಇವ್ನು ಹುಡ್ಗೀರ ಅಮ್ಮಂದಿರನ್ನ ನೋಡ್ತಾನೆ ಟೀಚರಮ್ಮ," ಎಂದರು ಬ್ಯಾಂಡಿನ ಯಜಮಾನರು, ಗುಬ್ಬಿಯ ದಸ್ತಗೀರ್ ಸಾಬ್. "ನುಡಿಸೋವಾಗ ಹಾಡಿನ ಸಾಲಿನ ಮಧ್ಯ ಉಸ್ರು ಬೇರೆ ತಗೊಂತಾನೆ. ಎಷ್ಟ್ ಬೈದ್ರೂ ಬಿಡಲ್ಲ."

"ಅದು ನಮ್ಮಮ್ಮಂದು ಸಾಬ್. ಹಂಗೇ ಹಾಡ್ತಿದ್ಲು. ಅವ್ಳ್ದು ನಂಗೆ ನೆನಪಿರೋದು ಅದೊಂದೇ. ಹಂಗ್ ಹಾಡೋರು ಸಿಕ್ಕಿದ್ರೆ ಅವ್ಳೇ," ಎಂದ ಅವನು.

ಅಮ್ಮನದಲ್ಲ, ನನ್ನದು. ಆಶ್ರಮದಲ್ಲಿ ಹಾಡು ಕಲಿಸುವಾಗ ನನಗೆ ಉಬ್ಬಸ ಜಾಸ್ತಿ. ಸಾಲಿನ ಮಧ್ಯೆ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದೆ. ನಾಲ್ಕು ವರ್ಷದವನು ನನ್ನ ಸೆರಗು ಹಿಡಿದು ಕೂತು, ನಾನು ನಿಲ್ಲಿಸಿದಲ್ಲೇ ನಿಲ್ಲಿಸುತ್ತಿದ್ದ. ಆ ಶನಿವಾರದ ಮಧ್ಯಾಹ್ನಗಳು, ಆ ಹರಿದ ಚಾಪೆ. ಅಥವಾ ನನ್ನದೇ ಇರಲಿ ಎಂಬ ಆಸೆಯೋ?

ಹೇಳಿದರೆ ಅವನಿಗಿರುವ ಒಂದೇ ಗುರುತು ಹೋಗುತ್ತದೆ. ಹೇಳದಿದ್ದರೆ ಇಲ್ಲದ ಹಾಡು ಹುಡುಕುತ್ತಾ ಊರೂರು ಅಲೆಯುತ್ತಾನೆ.

ಈಗ ಅದೇ ಸಾಲು ಮೆಲ್ಲಗೆ ಹಾಡಿ ನೋಡಿದೆ. ಇನ್ಹೇಲರ್ ಶುರುವಾದ ಮೇಲೆ ಒಂದೇ ಉಸಿರಿಗೆ ಬರುತ್ತದೆ. ನಾನೇ ಎದುರು ಕೂತು ಹಾಡಿದರೂ ಅವನಿಗೆ ಆ ಉಸಿರಿನ ಗುರುತು ಸಿಗುವುದಿಲ್ಲ.