ಕಪ್ಪು ಗೆರೆ ಇಲ್ಲದ ಮೋಡ

ಹುಣಸೂರು
8-12-2024, ಭಾನುವಾರ

ಪ್ರೀತಿಯ ಮಗಳು ಅನುಶ್ರೀಗೆ,

ನಿನ್ನ ಅಪ್ಪ ಮಂಟಯ್ಯ ಬರೆಯುತ್ತಿದ್ದೇನೆ. ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ ಬಿಡು. ಮೂವತ್ತೈದು ವರ್ಷ ಬೋರ್ಡ್ ಬರೆದ ಕೈ, ವಿಳಾಸ ಬರೆದರೂ ಅಂಗಡಿ ಹೆಸರು ಬರೆದ ಹಾಗೇ ಕಾಣುತ್ತದೆ. ನಿನ್ನ ಬೆನ್ನುನೋವು ಹೇಗಿದೆ? ಹೊಗೆಸೊಪ್ಪು ವಿಂಗಡಿಸುವಾಗ ಬರೀ ನೆಲದ ಮೇಲೆ ಕೂರಬೇಡ, ಒಂದು ಮಣೆಯನ್ನಾದರೂ ಹಾಕಿಕೋ. ಅಳಿಯಂದಿರು ಚೆನ್ನಾಗಿದ್ದಾರೆಯೇ? ಚಂದುವಿನ ಕೆಮ್ಮು ನಿಂತಿತೇ? ಮೊಮ್ಮಗಳಿಗೆ ಹಾರನಹಳ್ಳಿಯ ಧೂಳು ಆಗಿಬರುವುದಿಲ್ಲ ಎಂದು ನಿಮ್ಮವ್ವ ದಿನಕ್ಕೆ ಎರಡು ಸಲ ಹೇಳುತ್ತಾಳೆ, ಹುಣಸೂರಿನಲ್ಲಿ ಧೂಳೇ ಇಲ್ಲವೇನೋ ಎಂಬಂತೆ. ಅವಳ ಮಂಡಿನೋವು ಹಾಗೇ ಇದೆ. ನನ್ನದೇನು, ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ.

ಫೋನಿದೆಯಲ್ಲ, ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನೀನು "ಉಂಡ್ಯಾಪ್ಪ?" ಅನ್ನುತ್ತೀಯ, ನಾನು "ಉಂಡೆ ಕಣವ್ವ" ಅನ್ನುತ್ತೇನೆ, ಅಲ್ಲಿಗೆ ಫೋನು ಚಂದುವಿನ ಕೈಗೆ ಹೋಗುತ್ತದೆ. ಹನ್ನೊಂದು ವರ್ಷದಿಂದ ನಮ್ಮಿಬ್ಬರ ಮಾತು ಊಟವನ್ನು ದಾಟಿ ಮುಂದೆ ಹೋಗಿಲ್ಲ. ಹಬ್ಬಕ್ಕೆ ಬರುತ್ತೀಯ, ನನ್ನ ಬಟ್ಟೆ ಒಗೆದು ಹಾಕುತ್ತೀಯ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೀಯ, ಒಂದು ದಿನವೂ ಎದುರಾಡಿಲ್ಲ. ನೀನು ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ನಮ್ಮ ಬೀದಿಯ ಸರ್ಕಾರಿ ಶಾಲೆಯಲ್ಲಿ ಗೋಡೆ ಬರೆಯುವ ಕೆಲಸ ಸಿಕ್ಕಿತು. ಊರಿನ ಬೋರ್ಡುಗಳನ್ನೆಲ್ಲ ಫ್ಲೆಕ್ಸು ನುಂಗಿ ನೀರು ಕುಡಿದಿದೆ, ಶಾಲೆಯ ಗೋಡೆಗಳು ಮಾತ್ರ ಇನ್ನೂ ಅದರ ಬಾಯಿಗೆ ಸಿಕ್ಕಿಲ್ಲ. ಅ ಅಂದರೆ ಅಳಿಲು, ಆ ಅಂದರೆ ಆನೆ ಅಂತ ಬರೆಯುತ್ತಿದ್ದೆ. ಶನಿವಾರ ಬೆಳಿಗ್ಗೆ ಕೃಷ್ಣಕುಮಾರ್ ಮೇಷ್ಟ್ರು ಮಕ್ಕಳಿಗೆ ಅಲ್ಲಿಯ ದೊಡ್ಡ ಟಿ.ವಿ.ಯಲ್ಲಿ ಒಂದು ಸಿನಿಮಾ ಹಾಕಿದರು. ಜಪಾನಿನವರು ಚಿತ್ರ ಬರೆದು ಮಾಡಿದ ಸಿನಿಮಾ, ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಬೆಟ್ಟದೂರಿನ ಒಬ್ಬ ಹುಡುಗಿ ಕುರಿ ಕಾಯುವ ಹಾಗೆ ಮೋಡಗಳನ್ನು ಕಾಯುತ್ತಾಳೆ. ಮಂದೆಯಿಂದ ತಪ್ಪಿಸಿಕೊಂಡ ಒಂದು ಮರಿಮೋಡ ಅವಳ ಮಡಿಲಿಗೆ ಬಂದು ಕೂರುತ್ತದೆ. ಅದನ್ನು ಅದರ ತಾಯಿಗೆ ಒಪ್ಪಿಸಲು ಅವಳು ಸಮುದ್ರದವರೆಗೆ ನಡೆದುಕೊಂಡು ಹೋಗುತ್ತಾಳೆ. ಅಷ್ಟೇ ಕಥೆ. ಆ ಮರಿಮೋಡ ಪರದೆಯ ಮೇಲೆ ಬಂದಾಗ ನಾನು ಆನೆಗೆ ಕಣ್ಣು ಇಡುತ್ತಿದ್ದೆ. ತಿರುಗಿ ನೋಡಿದವನು ಬ್ರಷ್ಷು ಹಿಡಿದುಕೊಂಡೇ ಮಕ್ಕಳ ಸಾಲಿನಲ್ಲಿ ಕೂತುಬಿಟ್ಟೆ. ಆನೆ ಇವತ್ತಿಗೂ ಒಕ್ಕಣ್ಣಿನಲ್ಲೇ ಇದೆ.

ಆ ಮೋಡವನ್ನು ನಾನು ಮೊದಲೇ ನೋಡಿದ್ದೆ ಅನೂ. ನೀನು ಪಿ.ಯು.ಸಿ. ಓದುವಾಗ ಗೆಳತಿಯ ಫೋನು ತಂದು, ಇದೇ ಸಿನಿಮಾ ಹಾಕಿಕೊಂಡು ಅಂಗಡಿಯಲ್ಲಿ ನನ್ನ ಪಕ್ಕ ಕೂತಿದ್ದೆಯಲ್ಲ. "ಒಂದ್ ಗಳ್ಗೆ ಇತ್ತಾಗ್ ನೋಡಪ್ಪ, ಎಲ್ಲಾನೂವೆ ಕೈಲೇ ಬರ್ದವ್ರೆ" ಅಂದೆ. ನಾನು ಒಂದು ಲಾರಿಯ ನಂಬರ್ ಪ್ಲೇಟು ಬರೆಯುತ್ತಿದ್ದೆ. ಅರೆಗಣ್ಣಿನಲ್ಲಿ ನೋಡಿ, ಗೆರೆ ಇಲ್ಲದಿದ್ದರೆ ಅದ್ಯಾವ ಚಿತ್ರ, ಬೂಸ್ಟು ಹಿಡಿದ ಹಾಗಿದೆ ಅಂದೆ. ಲಾರಿಯವನೂ ನಕ್ಕ. ನೀನು ಫೋನು ಆರಿಸಿ ಎದ್ದು ಹೋದೆ. ಆಮೇಲೆ ನೀನು ಪೆನ್ಸಿಲಿನಲ್ಲಿ ಬರೆದ ಮೋಡಗಳೆಲ್ಲ ಹಾಗೇ ಇರುತ್ತಿದ್ದವು, ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ತಿಳಿಯುತ್ತಿರಲಿಲ್ಲ. ನನ್ನ ಮಗಳಿಗೆ ಮುಗಿಸುವುದು ಬರುವುದಿಲ್ಲ ಅಂದುಕೊಂಡಿದ್ದೆ ನಾನು.

ನಾನು ಮೂರು ಶನಿವಾರ ಮೇಷ್ಟ್ರನ್ನು ಕಾಡಿ ಅದೇ ಸಿನಿಮಾ ಹಾಕಿಸಿಕೊಂಡೆ. ಮಕ್ಕಳು ಎರಡನೇ ಸಲಕ್ಕೇ ಎದ್ದು ಹೋದರು. ಬೇಕಾದ ಕಡೆ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹುಡುಗಿಗೆ ಕೂದಲೆಳೆಯಷ್ಟು ಗೆರೆ ಇದೆ, ಹುಲ್ಲಿಗೆ ಇಲ್ಲ, ನೀರಿಗೆ ಇಲ್ಲ, ಮೋಡಕ್ಕಂತೂ ಇಲ್ಲವೇ ಇಲ್ಲ. ಆದರೂ ಆ ಮೋಡಕ್ಕೆ ತೂಕವಿದೆ. ಅವಳು ಎತ್ತಿಕೊಂಡಾಗ ತೋಳು ಒಂಚೂರು ಕೆಳಗಿಳಿಯುತ್ತದೆ. ಒಂದು ಸೆಕೆಂಡಿಗೆ ಹತ್ತು ಹನ್ನೆರಡು ಚಿತ್ರ ಬರೆಯಬೇಕಂತೆ, ಮೇಷ್ಟ್ರು ಹೇಳಿದರು. ಗಾಳಿಗೆ ಹುಲ್ಲು ಬಾಗುವುದನ್ನು ತೋರಿಸಲು ಯಾರೋ ಒಬ್ಬರು ತಿಂಗಳುಗಟ್ಟಲೆ ಬರೀ ಹುಲ್ಲೇ ಬರೆದಿದ್ದಾರೆ, ಎರಡು ಉಸಿರಿನಲ್ಲಿ ಅದು ಮುಗಿದುಹೋಗುತ್ತದೆ. ಒಂದು ಕಡೆ ಬಾವಿಕಟ್ಟೆಯ ಕಂದು ಬಣ್ಣ ಒಂದು ನೂಲಿನಷ್ಟು ಆಚೆ ಬಂದಿದೆ. ಬರೆದವರಿಗೆ ಅವತ್ತು ಭುಜ ನೋಯುತ್ತಿದ್ದಿರಬೇಕು. ಅದನ್ನು ಕಂಡು ನೆಂಟರನ್ನು ಕಂಡಷ್ಟು ಖುಷಿಯಾಯಿತು ನನಗೆ. ಪೇಂಟರ್ ಎಂದು ಎದೆಯುಬ್ಬಿಸಿಕೊಂಡು ತಿರುಗಿದವನಿಗೆ ಪೇಂಟಿಂಗ್ ಎಂದರೇನೆಂದು ಐವತ್ತೊಂಬತ್ತನೇ ವಯಸ್ಸಿನಲ್ಲಿ ಕಂಡಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕೊನೆಯಲ್ಲಿ ಏನಾಗುತ್ತದೆಂದು ನಿನಗೆ ಗೊತ್ತು. ಸಮುದ್ರದ ದಂಡೆಗೆ ಬರುವಷ್ಟರಲ್ಲಿ ಮರಿಮೋಡ ಅವಳ ಮೇಲೇ ಮಳೆಯಾಗಿ ಸುರಿದು ಇಲ್ಲವಾಗುತ್ತದೆ. ಹುಡುಗಿ ಅಳುವುದಿಲ್ಲ. ಬಟ್ಟೆಯ ಅಂಚನ್ನು ಹಿಂಡಿಕೊಂಡು ಬಂದ ದಾರಿಯಲ್ಲೇ ವಾಪಸು ಹೊರಡುತ್ತಾಳೆ. ಅಲ್ಲಿ ನನಗೆ ತಡೆಯಲಾಗಲಿಲ್ಲ. ಅವತ್ತು ಮೈಸೂರಿನಿಂದ ಬಂದು ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಳೆ ಹುಯ್ಯುತ್ತಿತ್ತು. ನೀನು ಹೀಗೇ ದುಪಟ್ಟಾ ಹಿಂಡಿಕೊಂಡು, ನನ್ನ ಕಡೆ ನೋಡದೆ ಮನೆ ಕಡೆ ನಡೆದೆ. ನಿಮ್ಮವ್ವ ಅಕ್ಕಪಕ್ಕದವರಿಗೆಲ್ಲ "ನಮ್ಮನೆಯವ್ರು ಗೊಂಬೆ ಪಿಚ್ಚರ್ ನೋಡ್ಕಂಡು ಅತ್ಕಂಡ್ ಬಂದವ್ರೆ" ಎಂದು ಹೇಳಿಕೊಂಡು ನಗುತ್ತಿದ್ದಾಳೆ. ನಗಲಿ.

ಅವತ್ತಿನ ಮಾತನ್ನು ನಾವಿಬ್ಬರೂ ಎತ್ತಿಲ್ಲ, ನಾನೇ ಎತ್ತುತ್ತೇನೆ. ಸೀಟಿಗೆ ಅರ್ಜಿ ಹಾಕಿದ್ದಾಗ ಮೈಸೂರಿನ ಚಿತ್ರಕಲೆ ಕಾಲೇಜಿನವರು ನೀನು ಬರೆದ ಹನ್ನೆರಡು ಚಿತ್ರ ತರಲು ಹೇಳಿದ್ದರು. ಲಕ್ಷ್ಮಣತೀರ್ಥದ ದಂಡೆ, ಮುದ್ದೆ ಕಟ್ಟುವ ಅವ್ವನ ಕೈ, ಕಾಕನಕೋಟೆ ಕಾಡಿನ ಮೇಲಿನ ಮೋಡಗಳು. ಹಿಂದಿನ ದಿನ ನೀನೂ ಅವ್ವನೂ ಸಂತೆಗೆ ಹೋಗಿದ್ದಾಗ ನಾನು ಅವನ್ನು ತೆಗೆದು ಹರಡಿಕೊಂಡೆ. ದೂರದಿಂದ ನೋಡಿದರೆ ಏನೂ ಎದ್ದು ಕಾಣುತ್ತಿರಲಿಲ್ಲ. ಬೋರ್ಡಿನ ಅಕ್ಷರದ ಅಂಚಿಗೆ ಕೊನೆಗೆ ಕಪ್ಪು ಗೆರೆ ಎಳೆದರೇ ತಾನೇ ಅದಕ್ಕೆ ಜೀವ, ನಮ್ಮ ಗುರುಗಳು ಕಲಿಸಿದ್ದು ಅದೇ. ಸಣ್ಣ ಬ್ರಷ್ಷು ತಗೊಂಡು ಹನ್ನೆರಡಕ್ಕೂ ಕೈ ನಡುಗದ ಹಾಗೆ ಗೆರೆ ಎಳೆದೆ. ಅವ್ವನ ಕೈಗೆ ಎಳೆದೆ, ಮೋಡಗಳಿಗೂ ಎಳೆದೆ. ಒಣಗಿಸಿ, ಫೈಲಿಗೆ ಹಾಕಿ, ಲಾಡಿ ಕಟ್ಟಿಟ್ಟೆ. ನಾಳೆ ಅಲ್ಲಿ ಬಿಚ್ಚಿದಾಗ ಮಗಳು ಖುಷಿಪಡುತ್ತಾಳೆ ಅಂದುಕೊಂಡೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಮರುದಿನ ಕಾಲೇಜಿನಲ್ಲಿ ನಾನು ಬಾಗಿಲಲ್ಲಿ ನಿಂತಿದ್ದೆ. ನೀನು ಲಾಡಿ ಬಿಚ್ಚಿ ಮೊದಲನೆಯದನ್ನು ನೋಡಿ, ಹಾಗೇ ಅಲ್ಲಿಯ ಮೇಷ್ಟ್ರುಗಳ ಮುಂದಿಟ್ಟೆ. ಈ ಗೆರೆ ಯಾರು ಎಳೆದದ್ದು ಎಂದು ಅವರು ಕೇಳಿದರು. ನೀನು "ನಾನೇ ಸಾರ್" ಅಂದೆ. ನನ್ನನ್ನು ಬಿಟ್ಟುಕೊಡಲಿಲ್ಲ. ಅವರು ಫೈಲು ಮುಚ್ಚಿ ವಾಪಸು ಕೊಟ್ಟರು. ಬಸ್ಸಿನಲ್ಲಿ ನಾನು "ಬುಡು ಮಗ, ಅವ್ರಿಗೇನ್ ಗೊತ್ತು" ಅಂದೆ. ಮನೆಗೆ ಬಂದ ಮೇಲೆ ನೀನು ಫೈಲನ್ನು ಅಟ್ಟಕ್ಕೆ ಹಾಕಿದೆ. ಮರುವರ್ಷ ಮದುವೆಗೆ ಒಪ್ಪಿಕೊಂಡೆ. ಮದುವೆಮನೆಯ ಗೋಡೆಗೆ ನಿನ್ನ ಹೆಸರನ್ನು ಬರೆದವನೂ ನಾನೇ, ಅದಕ್ಕೂ ಕಪ್ಪು ಗೆರೆ ಎಳೆದೇ ಬರೆದೆ.

ಮೊನ್ನೆ ಆ ಫೈಲು ಇಳಿಸಿದೆ. ಟರ್ಪೆಂಟೈನ್ ಅದ್ದಿದ ಹತ್ತಿಯಲ್ಲಿ ಮೋಡದ ಗೆರೆಯನ್ನು ಒರೆಸಲು ನೋಡಿದೆ. ಗೆರೆ ಕದಡಿ ಕಾಗದವೆಲ್ಲ ಕಪ್ಪಾಯಿತು, ಒಳಗಿದ್ದ ಪೆನ್ಸಿಲೂ ಹೋಯಿತು. ಉಳಿದ ಹನ್ನೊಂದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಮತ್ತೆ ಬರೆ ಎಂದು ಹೇಳಲು ಈ ಕಾಗದ ಬರೆಯುತ್ತಿಲ್ಲ, ಹಾಗೆ ಹೇಳುವ ಮುಖ ನನಗಿಲ್ಲ. ಹೋದ ಗೌರಿ ಹಬ್ಬಕ್ಕೆ ನಾನು ಪೆನ್ಸಿಲ್ ಡಬ್ಬಿ ಕೊಟ್ಟಾಗ ನೀನು ಸೊಪ್ಪಿನ ಅಂಟಿಗೆ ಕಪ್ಪಾದ ಬೆರಳು ತೋರಿಸಿ, "ಈಗ ಕೈ ನಿಲ್ಲಾಕಿಲ್ಲ ಕಣಪ್ಪ" ಅಂದೆ. ಡಬ್ಬಿಯನ್ನು ನೀನೇ ಚಂದುವಿನ ಬ್ಯಾಗಿಗೆ ಹಾಕಿದೆ. ನಿನ್ನ ಮಾತಿನಲ್ಲಿ ಕೋಪವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ನೀನು ಅವತ್ತು ತೋರಿಸಿದ್ದನ್ನು ನಾನು ಈಗ ನೋಡಿದೆ, ಬಹಳ ಚೆನ್ನಾಗಿತ್ತು ಎಂದು ಹೇಳಬೇಕಿತ್ತು, ಅಷ್ಟೇ.

ಅಳಿಯಂದಿರಿಗೆ ನನ್ನ ನಮಸ್ಕಾರ. ಚಂದುವಿಗೆ ತಾತನ ಮುತ್ತು, ಅವ್ವ ಕಳಿಸಿರುವ ಚಕ್ಕುಲಿಯಲ್ಲಿ ಅರ್ಧ ಅವಳದ್ದು. ಮಂಟೇಸ್ವಾಮಿ ನಿನ್ನ ಬೆನ್ನಿಗೆ ಶಕ್ತಿ ಕೊಡಲಿ, ನನ್ನ ಆಶೀರ್ವಾದಕ್ಕೆ ಏನಾದರೂ ಬೆಲೆ ಉಳಿದಿದ್ದರೆ ಅದೂ ನಿನಗೇ.

ನಿನ್ನ ಅಪ್ಪ,
ಮಂಟಯ್ಯ

ವಿ.ಸೂ.: ಇದರೊಳಗೆ ಇನ್ನೊಂದು ಹಳೆಯ ಕವರಿದೆ. ಅದರ ಮೇಲೆ ನಿನ್ನ ಹೆಸರಿದೆ, ಅಕ್ಷರ ನನ್ನದಲ್ಲ. ನಾವು ಮೈಸೂರಿನಿಂದ ಬಂದ ಒಂಬತ್ತನೇ ದಿನ ಅಂಗಡಿಗೆ ಬಂತು, ನಾನೇ ಒಡೆದೆ. ಪೆನ್ಸಿಲು ಹಿಡಿದ ಕೈ ಬೇರೆ, ಕಪ್ಪು ಗೆರೆ ಎಳೆದ ಕೈ ಬೇರೆ ಎಂದು ಕಾಲೇಜಿನವರಿಗೆ ತಿಳಿದಿತ್ತು. ಹದಿನೈದನೇ ತಾರೀಖಿನೊಳಗೆ ನೀನು ಹೋಗಿ ಅವರೆದುರು ಕೂತು ಒಂದೇ ಒಂದು ಚಿತ್ರ ಬರೆದಿದ್ದರೆ ಸೀಟು ಸಿಗುತ್ತಿತ್ತು. ಗೆರೆ ಎಳೆದವರು ಒಳ್ಳೆಯ ಚಿತ್ರಗಳನ್ನು ಕೆಡಿಸಿದ್ದಾರೆ ಎಂದೂ ಒಂದು ಸಾಲು ಬರೆದಿದ್ದರು. ಆ ಸಾಲಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಕಾಗದವನ್ನು ಅಂಗಡಿಯ ಮಂಟೇಸ್ವಾಮಿ ಫೋಟೋದ ಹಿಂದೆ ಇಟ್ಟೆ. ನಿಮ್ಮವ್ವನಿಗೂ ಗೊತ್ತಿಲ್ಲ. ಹದಿನೈದನೇ ತಾರೀಖು ಮಧ್ಯಾಹ್ನ ನೀನು ಅಂಗಡಿಗೆ ಬುತ್ತಿ ತಂದಿಟ್ಟು ಹೋದೆ, ಸಂಜೆ ಡಬ್ಬಿ ತಗೊಂಡು ಹೋಗಲು ಬಂದಾಗ "ಉಂಡ್ಯಾಪ್ಪ?" ಅಂತ ಕೇಳಿದೆ. ನಾನು ಉಂಡೆ ಅಂದೆ.