ಅಪ್ಪನಿಗೆ ಮೂರು ಅಡಿ ಸಮುದ್ರ

ಅಬ್ಬಿಗೆರೆ, ಬೆಂಗಳೂರು
30 ಆಗಸ್ಟ್ 2015

ಪ್ರೀತಿಯ ರಕ್ಷಕ್ಕಾ,

ಪಂಚಮಿಗೆ ನಿನ್ನನ್ನು ಕರೆತರಲು ಹುಬ್ಬಳ್ಳಿಗೆ ಬರಲಿಲ್ಲ, ಆಮೇಲೆ ಫೋನನ್ನೂ ಎತ್ತಲಿಲ್ಲ. ಬೈದುಕೋ. ಫೋನಿನಲ್ಲಿ ಮಾತಾಡಿದರೆ ಅವ್ವ ಪಕ್ಕದಲ್ಲೇ ಕಿವಿಕೊಟ್ಟು ನಿಂತಿರುತ್ತಾಳೆ. ಅದಕ್ಕೇ ಈ ಕಾಗದ. ಏಳು ತಿಂಗಳ ಬಸುರಿಗೆ ಬರೆಯುವ ಸುದ್ದಿ ಇದಲ್ಲ, ಆದರೆ ನಿನ್ನನ್ನು ಬಿಟ್ಟು ಇನ್ಯಾರಿಗೆ ಬರೆಯಲಿ?

ಅಪ್ಪನ ಮೂರು ಅಡಿಯ ಮೀನಿನ ತೊಟ್ಟಿಯನ್ನು ಉಪ್ಪುನೀರಿಗೆ ಬದಲಾಯಿಸಲು ಹೊರಟಿದ್ದೆನಲ್ಲ, ಅದು ಮುಗಿಯಿತು. ಮುಗಿಯಿತು ಅಂದರೆ ಕೆಟ್ಟಿತು.

ವಾರಕ್ಕೆ ಮೂರು ಸಲ ಡಯಾಲಿಸಿಸ್ ಇರುವವನು ಊರು ಬಿಡುವಂತಿಲ್ಲ. ಅರವತ್ತು ವರ್ಷ ಸಮುದ್ರ ಕಾಣದ ಮನುಷ್ಯ, "ಹೋಗೂದ್ರಾಗ ಒಮ್ಮೆ ಸಮುದ್ರದ ಮೀನರ ನೋಡಬೇಕಲೇ" ಅಂದಾಗ ಹೂಂ ಅಂದುಬಿಟ್ಟೆ. ಗೋಲ್ಡ್‌ಫಿಷ್‌ಗಳನ್ನು ಆರ್.ಟಿ. ನಗರದ ಸಬೀರಾ ಆಂಟಿಯ ಮೀನಿನ ಅಂಗಡಿಗೆ ಕೊಟ್ಟೆ. ಆಂಟಿ ನಕ್ಕರು. "ಸಿದ್ದಲಿಂಗ, ನೀನು ಸ್ಕೂಲಲ್ಲೂ ನಿಲ್ಲಿಲ್ಲ, ಗ್ಯಾರೇಜಲ್ಲೂ ನಿಲ್ಲಿಲ್ಲ. ಇದಕ್ಕೆ ಆರು ವಾರ ಖಾಲಿ ನೀರು ನೋಡ್ಕೊಂಡ್ ಕೂತ್ಕೋಬೇಕು ಕಣೋ, ಆಗುತ್ತಾ?" ಆಮೇಲೆ ಸಮುದ್ರದ ಕಲ್ಲುಗಳನ್ನು ಕೊಟ್ಟು, "ಇದ್ರಲ್ಲಿ ಕಣ್ಣಿಗೆ ಕಾಣದ ಜೀವ ಇರತ್ತೆ. ಮೀನಿನ ಕೊಳೆ ತಿನ್ನೋದು ಅದೇ, ಅದು ಬೆಳೆಯೋಕೇ ಆರು ವಾರ. ತೊಳೀಬೇಡ, ಒಣಗಿಸ್ಬೇಡ" ಅಂದರು.

ಈ ಮಾತನ್ನು ನಾನು ಅವ್ವನಿಗೆ ಹೇಳಲಿಲ್ಲ.

ಹಳೆಯ ಮರಳು ತೆಗೆದೆ. ಕ್ಯಾನ್ ನೀರು ಹೊತ್ತು ತಂದು ಉಪ್ಪು ಕರಗಿಸಿ, ಅಳತೆ ಸರಿಯಾಗುವವರೆಗೆ ಕಲಕಿದೆ. ಉಪ್ಪಿನ ಚೀಲ ನೋಡಿ ಅಪ್ಪ, "ನನ್ನ ಸಾರಿಗೆ ಚಿಟಿಕಿ ಹಾಕಂದ್ರ ಡಾಕ್ಟರ ಹೆಸರು ಹೇಳತೀರಿ, ಮೀನಿಗೆ ಚೀಲಗಟ್ಟಲೆ ತಂದೀಯೇನಲೇ?" ಅಂದ. ಅವ್ವನೂ ನಕ್ಕಳು. ಬಹಳ ದಿನದ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿತು.

ಐದನೇ ವಾರ ಅಪ್ಪನಿಗೆ ಉಸಿರು ಕಟ್ಟಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆವು. ಇತ್ತ ಅವ್ವ ಪಂಚಮಿಗೆ ಮನೆ ತೊಳೆದಳು. ತೊಟ್ಟಿಯ ಕಲ್ಲುಗಳನ್ನೂ ಹೊರತೆಗೆದು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ಮಾಳಿಗೆಯ ಮೇಲೆ ಎರಡು ದಿನ ಬಿಸಿಲಿಗೆ ಒಣಗಿಸಿ, ಅಚ್ಚುಕಟ್ಟಾಗಿ ಮತ್ತೆ ಜೋಡಿಸಿಟ್ಟಿದ್ದಳು. "ಲಿಂಗಪೂಜಿ ಮಾಡೂ ಮನಿ, ಹೊಲಸ ನಾತ ಬರತಿತ್ತು. ಈಗ ನೋಡು, ಹಾಲಿನಂಗ ಆಗ್ಯಾವ" ಅಂದಳು. ಅವಳ ಕೈಗಳು ಬ್ಲೀಚಿಗೆ ಸುಲಿದು ಕೆಂಪಾಗಿದ್ದವು. ಹೇಗೆ ಬೈಯಲಿ?

"ಮತ್ತೆ ಮೊದಲಿಂದ ಆರು ವಾರ. ಬೇರೆ ದಾರಿ ಇಲ್ಲ" ಅಂದ ಸಬೀರಾ ಆಂಟಿ ನನಗೆ ಮೀನು ಕೊಡಲಿಲ್ಲ. ಅಪ್ಪನ ಹತ್ತಿರ ಆರು ವಾರ ಇರುವಂತೆ ನನಗೆ ಕಾಣಲಿಲ್ಲ. ಯಶವಂತಪುರದ ಇನ್ನೊಂದು ಅಂಗಡಿಯಿಂದ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ತಂದು ಬಿಟ್ಟೆ. ಸಾಯಬಹುದು ಅಂತ ಗೊತ್ತಿದ್ದೇ ಬಿಟ್ಟೆ, ಅಕ್ಕಾ.

ಮೊದಲ ದಿನ ಅಪ್ಪ ದಿಂಬಿಗೊರಗಿ ಎದ್ದು ಕೂತು ನೋಡಿದ. ಮೂರನೆಯ ಬೆಳಿಗ್ಗೆ ಒಂದು ತಳದಲ್ಲಿ ಬಿದ್ದಿತ್ತು, ಇನ್ನೊಂದು ಮೇಲೆ ಬಾಯಿ ಬಿಡುತ್ತಿತ್ತು. "ಅದನ್ನೂ ನನ್ನಂಗ ಮಷಿನ್ನಿಗೆ ಹಚ್ಚಲೇ" ಅಂದ ಅಪ್ಪ. ಯಾರೂ ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು. "ಇನ್ನ ತರಬ್ಯಾಡ" ಅಂತ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ.

ಭಾವನಿಗೆ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೊಟ್ಟೆಯೊಳಗಿನ ಕೂಸು ಗಟ್ಟಿಮುಟ್ಟಾಗಿ ಬರಲಿ, ಅದಕ್ಕೆ ನನ್ನ ಗುಣ ಬಾರದಿರಲಿ.

ನಿನ್ನ ತಮ್ಮ,
ಸಿದ್ದಲಿಂಗ

ತಾ.ಕ.: ಜುಲೈಯಲ್ಲಿ ಲ್ಯಾಬಿನವರು ಕೈಗೆ ಕೊಟ್ಟ ನನ್ನ ಕಿಡ್ನಿಯ ರಿಪೋರ್ಟು ಅಪ್ಪನಿಗೆ ಹೊಂದಲಿಲ್ಲ ಅಂದಿದ್ದೆನಲ್ಲ, ಸುಳ್ಳು. ಹೊಂದಿತ್ತು. ಅವ್ವನಿಗೆ ಶುಗರ್, ನೀನು ಬಸುರಿ, ಉಳಿದವನು ನಾನೊಬ್ಬನೇ ಅಂತ ಗೊತ್ತಿತ್ತು. ಹೊಟ್ಟೆ ಕೊಯ್ಯುತ್ತಾರೆ ಅಂತ ಹೆದರಿದೆ. ಹೊಂದಲಿಲ್ಲ ಅಂತ ಹೇಳಿದಾಗ ಅಪ್ಪ ನನ್ನ ಬೆನ್ನು ಸವರಿ, "ನಿಂದೇನ ತಪ್ಪೈತಿ, ಬಿಡಲೇ" ಅಂದ. ಸಮುದ್ರದ ಮೀನಿಗೆ ಹೂಂ ಅಂದದ್ದು ಅವತ್ತೇ. ಮೀನು ಸತ್ತ ಮರುದಿನ ಆ ರಿಪೋರ್ಟು ಹಿಡಿದು ಡಾಕ್ಟರ ಹತ್ತಿರ ಓಡಿದೆ. ತಾರೀಖು ನೋಡಿ, "ಇಷ್ಟು ದಿನ ಇದೆಲ್ಲಿತ್ತು?" ಅಂದರು. ಅಪ್ಪನ ಹೃದಯ ಈಗ ಆಪರೇಷನ್ ತಡೆಯುವುದಿಲ್ಲವಂತೆ. ಅಪ್ಪನಿಗೆ ನೀನು ಹೇಳಬೇಡ, ನಾನೇ ಹೇಳಬೇಕು. ದಿನಾ ಮಂಚದ ಹತ್ತಿರ ಹೋಗುತ್ತೇನೆ, ದಿಂಬು ಸರಿ ಮಾಡಿ ವಾಪಸು ಬರುತ್ತೇನೆ.